ಸುಣ್ಣ ಒಯ್ಯುವ ಸುದ್ದಿ

ಬೆಳೆಗಾರನ ಮನೆಯಲ್ಲಿ ಸುಣ್ಣಕ್ಕೆ ಕೆಲಸ ಬಹಳ. ಮಳೆಗಾಲ ಹತ್ತಿರವಾಗುತ್ತಲೇ ಮೈಲುತುತ್ತದ ಜೊತೆಗೆ ಅದು ಬೇಕು. ತೋಟದ ಮಣ್ಣಿನ ಹುಳಿ ತಗ್ಗಿಸಲು ಬೇಕು. ಊಟವಾದ ಮೇಲೆ ಕವಳದ ಹರಿವಾಣದಲ್ಲಿ ಬೆರಳ ತುದಿಯಷ್ಟಾದರೂ ಬೇಕು. ಕದ್ವಾಡದ ಬದಿಯಿಂದ ಕಾಳಿ ನದಿ ಸಮುದ್ರ ಸೇರುವ ಕಡೆಗೆ ಇಳಿದರೆ ಉಸುಕಿನಲ್ಲಿ ಬಳಚು ಸಿಗುತ್ತದೆ. ಮಾಂಸ ಅಡುಗೆಗೆ, ಚಿಪ್ಪು ಸುಟ್ಟರೆ ಸುಣ್ಣ. ಆ ಚಿಪ್ಪು, ಗೂಡಿನಲ್ಲಿ ಸುಡುವ ಸುಣ್ಣದ ಕಲ್ಲು, ನಮ್ಮ ಎಲುಬು, ಹಲ್ಲು, ಇವೆಲ್ಲದರ ಮೂಲಧಾತು ಒಂದೇ. ಅದು ಕ್ಯಾಲ್ಸಿಯಂ.

ನಮ್ಮ ಸದಸ್ಯರಲ್ಲಿ ವಯಸ್ಸಾದವರು ಆಗಾಗ ಒಂದು ಸಂಶಯ ಎತ್ತುವುದುಂಟು. "ರಕ್ತದೊತ್ತಡಕ್ಕೆಂದು ಡಾಕ್ಟರು ಕೊಟ್ಟ ಗುಳಿಗೆ ಕ್ಯಾಲ್ಸಿಯಂ ತಡೆಯುವಂಥದು ಎನ್ನುತ್ತಾರೆ. ಎಲುಬು ಸವೆದಿದೆ ಎಂದು ಕೊಟ್ಟ ಇನ್ನೊಂದು ಗುಳಿಗೆಯೇ ಕ್ಯಾಲ್ಸಿಯಂ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡ ಹಾಗಾಯಿತಲ್ಲ?" ಸಂಶಯ ನ್ಯಾಯವಾದದ್ದೇ. ಹೀಗೆಂದುಕೊಂಡು ಎರಡರಲ್ಲಿ ಒಂದನ್ನು ತಾವಾಗಿಯೇ ಬಿಟ್ಟವರೂ ಇದ್ದಾರೆ. ಇದಕ್ಕೆ ಉತ್ತರ ತಿಳಿಯಬೇಕಾದರೆ ಕ್ಯಾಲ್ಸಿಯಂ ಮೈಯಲ್ಲಿ ಮಾಡುವ ಎರಡನೆಯ ಕೆಲಸವನ್ನು ಅರಿಯಬೇಕು. ಮೊದಲನೆಯದು ಎಲ್ಲರಿಗೂ ಗೊತ್ತಿದೆ, ಎಲುಬು ಕಟ್ಟುವುದು. ಎರಡನೆಯದು ಸುದ್ದಿ ಒಯ್ಯುವುದು.

ಬೆಳೆದ ಮನುಷ್ಯನ ಮೈಯಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲೇ ಕೂತಿರುತ್ತದೆ. ಉಳಿದ ಒಂದು ಪಾಲು ರಕ್ತದಲ್ಲಿ ಮತ್ತು ಜೀವಕೋಶಗಳಲ್ಲಿ. ಈ ಒಂದು ಪಾಲಿನಿಂದಲೇ ಎದೆ ಬಡಿಯುತ್ತದೆ, ಕೈಕಾಲು ಆಡುತ್ತದೆ, ನರದಿಂದ ನರಕ್ಕೆ ಅಪ್ಪಣೆ ಹೋಗುತ್ತದೆ, ಬಾಯಲ್ಲಿ ನೀರೂರುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಜೀವಕೋಶದ ಹೊರಗೆ, ರಕ್ತದಲ್ಲಿ, ಇರುವ ಕ್ಯಾಲ್ಸಿಯಂ ಒಳಗಿರುವುದರ ಸುಮಾರು ಹತ್ತು ಸಾವಿರ ಪಟ್ಟು. ಕೋಶವು ಅದನ್ನು ಬೇಕೆಂದೇ ಹೊರಗಿಟ್ಟಿದೆ. ಕೋಶದೊಳಗಿನ ಶಕ್ತಿಯ ವ್ಯವಹಾರವೆಲ್ಲ ರಂಜಕದ, ಎಂದರೆ ಫಾಸ್ಫೇಟಿನ ನಾಣ್ಯದಲ್ಲಿ ನಡೆಯುತ್ತದೆ. ಕ್ಯಾಲ್ಸಿಯಮ್ಮೂ ಫಾಸ್ಫೇಟೂ ದಂಡಿಯಾಗಿ ಕೂಡಿದರೆ ಗಟ್ಟಿಕಟ್ಟಿ ಕಲ್ಲಾಗುತ್ತವೆ. ಎಲುಬು ಎಂದರೆ ಬಹುಮಟ್ಟಿಗೆ ಅದೇ. ಎಲುಬಿಗೆ ಅದು ಒಳ್ಳೆಯದು, ಕೋಶದ ಒಳಕ್ಕೆ ವಿಷ. ಆದ್ದರಿಂದ ಜೀವ ಹುಟ್ಟಿದ ಕಾಲದಿಂದಲೂ ಕೋಶಗಳು ಕ್ಯಾಲ್ಸಿಯಮ್ಮನ್ನು ಹೊರಹಾಕುತ್ತಲೇ ಬಂದಿವೆ.

ಅಂಕೋಲಾ, ಕುಮಟಾ ಕಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಡ್ಡಿನ ಹೊರಗೆ ಭರತದ ಉಪ್ಪುನೀರು ಏರಿ ನಿಂತಿದೆ. ಒಳಗೆ ಕಗ್ಗದ ಭತ್ತ. ಒಡ್ಡಿಗೆ ಹಲಗೆ ಬಾಗಿಲು. ಬಾಗಿಲನ್ನು ಗೇಣಗಲ ಎತ್ತಿದರೂ ಸಾಕು, ನೀರು ತಾನಾಗಿಯೇ ನುಗ್ಗುತ್ತದೆ, ತಳ್ಳುವವರು ಬೇಡ. ಕೋಶದ ಹೊರಪೊರೆಯಲ್ಲಿಯೂ ಹೀಗೆ ಬಾಗಿಲುಗಳಿವೆ. ಒಂದು ಕ್ಷಣ ತೆರೆದರೆ ಕ್ಯಾಲ್ಸಿಯಂ ಒಳನುಗ್ಗಿ ಅದರ ಪ್ರಮಾಣ ಹತ್ತು ಪಟ್ಟಾಗುತ್ತದೆ. ಒಳಗಿನ ಕೆಲವು ಪ್ರೋಟೀನುಗಳು ಅದನ್ನು ಹಿಡಿದುಕೊಂಡು ಆಕಾರ ಬದಲಿಸುತ್ತವೆ. ಆ ಬದಲಾವಣೆಯೇ "ಕೆಲಸ ಶುರುಮಾಡು" ಎಂಬ ಅಪ್ಪಣೆ. ಕೂಡಲೇ ಬಾಗಿಲು ಮುಚ್ಚಬೇಕು, ಬಂದ ಕ್ಯಾಲ್ಸಿಯಮ್ಮನ್ನು ಪಂಪು ಹಚ್ಚಿ ಹೊರಹಾಕಬೇಕು. ಗಜನಿಗೂ ಇದಕ್ಕೂ ಒಂದೇ ಭೇದ: ಕೋಶಕ್ಕೆ ಇಳಿತವಿಲ್ಲ. ಹೊರಗೆ ಸದಾ ಭರತ. ಪಂಪು ನಿಂತರೆ ಕೋಶ ಮುಳುಗಿತೆಂದೇ ಲೆಕ್ಕ. ಸುದ್ದಿ ಇರುವುದು ಕ್ಯಾಲ್ಸಿಯಂ ಬರುವುದರಲ್ಲಿ ಎಷ್ಟೋ, ಬಂದದ್ದು ಹೋಗುವುದರಲ್ಲಿಯೂ ಅಷ್ಟೇ.

ಇದು ಮನುಷ್ಯನಿಗೆ ತಿಳಿದ ಬಗೆಯೂ ತಮಾಷೆಯದು. 1880ರ ಸುಮಾರಿಗೆ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇಡುತ್ತಿದ್ದರು. ಚೆನ್ನಾಗಿಯೇ ಬಡಿಯುತ್ತಿತ್ತು. ಒಮ್ಮೆ ಮಾತ್ರ ದ್ರಾವಣ ಹೊಸದಾಗಿ ಮಾಡಿದಾಗ ಹೃದಯ ಸ್ವಲ್ಪ ಹೊತ್ತಿನಲ್ಲೇ ಸೋತು ನಿಂತುಹೋಯಿತು. ವಿಚಾರಿಸಿ ನೋಡಲಾಗಿ, ಮೊದಲಿನ ದ್ರಾವಣಗಳನ್ನು ಅವರ ಸಹಾಯಕ ಭಟ್ಟಿ ಇಳಿಸಿದ ನೀರಿನಿಂದ ಮಾಡದೆ ಊರಿನ ನಲ್ಲಿ ನೀರಿನಿಂದ ಮಾಡಿದ್ದನೆಂದು ತಿಳಿದುಬಂತು. ಲಂಡನ್ನಿನ ನಲ್ಲಿ ನೀರು ಗಡಸು, ಅದರಲ್ಲಿ ಸುಣ್ಣದ ಅಂಶವಿದೆ. ಶುದ್ಧ ನೀರಿಗೆ ಚಿಟಿಕೆ ಕ್ಯಾಲ್ಸಿಯಂ ಬೆರೆಸಿದರೆ ಹೃದಯ ಮತ್ತೆ ಬಡಿಯಿತು. 1883ರಲ್ಲಿ ರಿಂಗರ್ ಇದನ್ನು ಪ್ರಕಟಿಸಿದರು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚುವಾಗ ಬಾಟಲಿಯ ಮೇಲೆ "ರಿಂಗರ್ ಲ್ಯಾಕ್ಟೇಟ್" ಎಂದು ಓದಿದವರಿದ್ದರೆ, ಆ ರಿಂಗರ್ ಇವರೇ. ಈಗಲೂ ಅದರಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಇರುತ್ತದೆ.

ಎಂಬತ್ತು ವರ್ಷಗಳ ಮೇಲೆ ಇಂಥದೇ ಇನ್ನೊಂದು ಪ್ರಸಂಗ ನಡೆಯಿತು. ಶಿಮೊಮುರ ಎಂಬ ಜಪಾನೀ ವಿಜ್ಞಾನಿ ಅಮೆರಿಕದ ಪಶ್ಚಿಮ ತೀರದಲ್ಲಿ ಜೆಲ್ಲಿ ಮೀನು ಎಂದು ಕರೆಯುವ ಲೋಳೆ ಮೈಯ ಸಮುದ್ರಪ್ರಾಣಿ ಬೆಳಗುವುದು ಹೇಗೆಂದು ಹುಡುಕುತ್ತಿದ್ದರು. ರಸ ತೆಗೆದರು, ಬೆಳಕು ಕಾಣಲಿಲ್ಲ. ಬೇಸತ್ತು ಮೋರಿಗೆ ಚೆಲ್ಲಿದರು. ಮೋರಿಯಲ್ಲಿ ಸಮುದ್ರದ ನೀರು ಹರಿಯುತ್ತಿತ್ತು. ರಸ ಫಳ್ಳನೆ ನೀಲಿಯಾಗಿ ಹೊಳೆಯಿತು. ಹೊಳೆಯಿಸಿದ್ದು ಸಮುದ್ರದ ನೀರಿನ ಕ್ಯಾಲ್ಸಿಯಂ. 1962ರಲ್ಲಿ ಅವರು ಪ್ರಕಟಿಸಿದ ಆ ಹೊಳೆಯುವ ಪ್ರೋಟೀನು ಮುಂದೆ ವಿಜ್ಞಾನಿಗಳ ಕೈದೀಪವಾಯಿತು. ಅದನ್ನು ಕೋಶದೊಳಗೆ ಇಟ್ಟರೆ ಕ್ಯಾಲ್ಸಿಯಂ ಎಲ್ಲಿ ಏರಿತೋ ಅಲ್ಲಿ ಬೆಳಕು ಕಾಣುತ್ತದೆ. 1970ರ ದಶಕದಲ್ಲಿ ಮೀನಿನ ತತ್ತಿಗೆ ವೀರ್ಯ ತಾಗಿದ ಕ್ಷಣದಲ್ಲಿ ಇಡೀ ತತ್ತಿಯ ಮೇಲೆ ಕ್ಯಾಲ್ಸಿಯಮ್ಮಿನ ಒಂದು ತೆರೆ ಹಾಯುವುದನ್ನು ಹೀಗೆಯೇ ನೋಡಿದರು. ಹೊಸ ಜೀವ ಶುರುವಾಯಿತು ಎಂಬ ಮೊದಲ ಸುದ್ದಿಯೂ ಸುಣ್ಣದ್ದೇ ಆಯಿತು.

ಈಗ ಗುಳಿಗೆಯ ಮಾತಿಗೆ ಬರೋಣ. ಹೃದಯದ ಸ್ನಾಯುಕೋಶದಲ್ಲಿ ಪ್ರತಿ ಬಡಿತಕ್ಕೂ ಹೊರಬಾಗಿಲಿನಿಂದ ಸ್ವಲ್ಪ ಕ್ಯಾಲ್ಸಿಯಂ ಬರುತ್ತದೆ. ಆ ಸ್ವಲ್ಪವು ಕೋಶದೊಳಗೇ ಇರುವ ಒಂದು ಕಣಜದ ಬಾಗಿಲು ತೆರೆಸುತ್ತದೆ. ಕಣಜದಿಂದ ಹೆಚ್ಚಿನ ಕ್ಯಾಲ್ಸಿಯಂ ಹೊರಬಿದ್ದು ಸ್ನಾಯು ಸೆಟೆಯುತ್ತದೆ. ಪಂಪು ಅದನ್ನೆಲ್ಲ ತಿರುಗಿ ಕಣಜಕ್ಕೆ ತುಂಬಿದಾಗ ಸ್ನಾಯು ಸಡಿಲುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಸಲ ಈ ತುಂಬು-ಬರಿದು ನಡೆಯಬೇಕು. ಕಣಜದ ಬಾಗಿಲು ಸೋರತೊಡಗಿದರೆ ಬಡಿತ ತಾಳ ತಪ್ಪುತ್ತದೆ. ಪಂಪು ಬಡವಾದರೆ ಹೃದಯ ಸಡಿಲುವುದೂ ಅರ್ಧ, ಸೆಟೆಯುವುದೂ ಅರ್ಧ. ಏರು ಹತ್ತುವಾಗ ಏದುಸಿರು ಬರುವ ಎಷ್ಟೋ ಹೃದ್ರೋಗಿಗಳಲ್ಲಿ ಈ ದೋಷವೂ ಸೇರಿರುತ್ತದೆ.

ರಕ್ತನಾಳದ ಗೋಡೆಯಲ್ಲಿಯೂ ಸ್ನಾಯು ಇದೆ. ಅದರೊಳಕ್ಕೆ ಕ್ಯಾಲ್ಸಿಯಂ ಹೆಚ್ಚು ಬಂದರೆ ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ಜರ್ಮನಿಯ ಫ್ಲೆಕೆನ್‌ಸ್ಟೈನ್ ಎಂಬುವರು 1960ರ ದಶಕದಲ್ಲಿ, ಕೆಲವು ಔಷಧಿಗಳು ಈ ಹೊರಬಾಗಿಲನ್ನು ಭಾಗಶಃ ಮುಚ್ಚುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಇಂದು ಊರೂರಿನ ಔಷಧಿ ಅಂಗಡಿಯಲ್ಲಿ ದೊರೆಯುವ ಆಮ್ಲೊಡಿಪಿನ್, ನಿಫೆಡಿಪಿನ್ ಈ ಪಂಗಡದವು. ಅವು ಮುಚ್ಚುವುದು ನಾಳದ ಸ್ನಾಯುವಿನ ಬಾಗಿಲನ್ನು. ರಕ್ತದಲ್ಲಿರುವ ಕ್ಯಾಲ್ಸಿಯಮ್ಮನ್ನು ಅವು ಇಳಿಸುವುದಿಲ್ಲ, ಎಲುಬಿನದನ್ನು ಕಸಿಯುವುದಿಲ್ಲ. ಅದೇ ರೀತಿ ಎಲುಬಿಗೆಂದು ಕೊಟ್ಟ ಕ್ಯಾಲ್ಸಿಯಂ ಗುಳಿಗೆ, ಹಾಲು, ರಾಗಿ ಇವು ರಕ್ತದೊತ್ತಡದ ಗುಳಿಗೆಯನ್ನು ಕೆಡಿಸುವುದಿಲ್ಲ. ಯಾಕೆಂದರೆ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯಲು ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ. ಒಂದು ಲೋಟ ಹಾಲು ಕುಡಿದರೂ, ಒಂದು ಹೊತ್ತು ಉಪವಾಸ ಮಾಡಿದರೂ 100 ಮಿಲಿಲೀಟರ್ ರಕ್ತದಲ್ಲಿ 8.5ರಿಂದ 10.5 ಮಿಲಿಗ್ರಾಂ ಎಂಬ ಗಡಿಯನ್ನು ಅವು ಮೀರಗೊಡುವುದಿಲ್ಲ. ಆದ್ದರಿಂದ ಎರಡೂ ಗುಳಿಗೆ ಬರೆದುಕೊಟ್ಟಿದ್ದರೆ ಎರಡನ್ನೂ ತೆಗೆದುಕೊಳ್ಳತಕ್ಕದ್ದು. ಆಮ್ಲೊಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದದ ಗಂಟಿನ ಬಳಿ ಬಾವು ಬರುವುದುಂಟು. ಬಂದರೆ ಡಾಕ್ಟರಿಗೆ ತಿಳಿಸಿ, ಅವರು ಬೇರೆ ಬರೆದುಕೊಡುತ್ತಾರೆ, ಹೇಳದೆ ಬಿಟ್ಟುಬಿಡಬೇಡಿ.

ಪಂಪು ನಿಂತರೆ ಕೋಶ ಮುಳುಗಿತು ಎಂದೆವಲ್ಲ, ಪಾರ್ಶ್ವವಾಯುವಿನಲ್ಲಿ ಆಗುವುದು ಅದೇ. ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತಾಗ ಪಂಪಿಗೆ ಇಂಧನವಿಲ್ಲ. ಹೊರಗಿನ ಕ್ಯಾಲ್ಸಿಯಂ ನುಗ್ಗಿ ನಿಲ್ಲುತ್ತದೆ, ಇಳಿಯುವುದಿಲ್ಲ. ಕ್ಷಣಕಾಲದ ಅಪ್ಪಣೆಗೆಂದು ಇದ್ದ ಪಾಚಕಗಳು ನಿಲ್ಲದೆ ಕೆಲಸ ಮಾಡುತ್ತ ಕೋಶವನ್ನೇ ಕರಗಿಸಿಬಿಡುತ್ತವೆ. ನೀರು ನಿಂತ ಗದ್ದೆಯಂತೆ, ಎಷ್ಟು ಬೇಗ ಬಿಡಿಸಿದರೆ ಅಷ್ಟು ಪೈರು ಉಳಿದೀತು. ನಾಳ ಕಟ್ಟಿ ಬಂದ ಪಾರ್ಶ್ವವಾಯುವಾದರೆ ಹೆಪ್ಪು ಕರಗಿಸುವ ಮದ್ದಿಗೆ ಇರುವ ಅವಕಾಶ ನಾಲ್ಕೂವರೆ ತಾಸು. ಬಾಯಿ ಸೊಟ್ಟಗಾದವರನ್ನು "ನಾಳೆ ಬೆಳಿಗ್ಗೆ ನೋಡೋಣ" ಎಂದು ಮನೆಯಲ್ಲಿ ಮಲಗಿಸುವುದು ತರವಲ್ಲ.

ಇನ್ನು ನಮ್ಮ ಬೆಳೆಯ ವಿಷಯ. ಕವಳ ಹಾಕಿದ ಕೂಡಲೆ ಬಾಯಿ ತುಂಬ ನೀರೂರುವುದೇಕೆ? ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ವವಿದೆ. ಜೊಲ್ಲಿನ ಗ್ರಂಥಿಗಳಿಗೆ ಮೈಯ ನರಗಳು ಅಪ್ಪಣೆ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ವಸ್ತುವಿನಿಂದ. ಅರೆಕೋಲಿನ್ ಅದರ ವೇಷ ಹಾಕಿ ಬಾಗಿಲು ತಟ್ಟುತ್ತದೆ. ಕೋಶದ ಹೊರಬಾಗಿಲಲ್ಲಿ ಅದನ್ನು ಕಂಡ ಗ್ರಾಹಿಯು ಒಳಕ್ಕೆ ಒಂದು ಚೀಟಿ ಕಳಿಸುತ್ತದೆ. ಚೀಟಿ ಕಣಜ ಮುಟ್ಟುತ್ತದೆ, ಕಣಜದಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ, ಅದರಿಂದ ಗ್ರಂಥಿಯ ಕೋಶ ಲವಣವನ್ನೂ ನೀರನ್ನೂ ಹೊರಬಿಡುತ್ತದೆ. ಈ ಚೀಟಿ ಯಾವುದೆಂದು ಬಹುಕಾಲ ತಿಳಿದಿರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಮೈಕೆಲ್ ಬೆರಿಜ್ ಎಂಬವರು ಮಾಂಸಕ್ಕೆ ಮುತ್ತುವ ನೊಣದ ಜೊಲ್ಲಿನ ಗ್ರಂಥಿಯನ್ನು ಹಿಡಿದು ವರ್ಷಗಟ್ಟಲೆ ಕೂತಿದ್ದರು. 1983ರಲ್ಲಿ ಅವರೂ ಜೊತೆಗಾರರೂ ಸೇರಿ ಆ ಚೀಟಿ ಐಪಿ-3 ಎಂಬ ಒಂದು ಸಣ್ಣ ಸಕ್ಕರೆಯಂಥ ಅಣು ಎಂದು ತೋರಿಸಿದರು. ನೊಣದ ಜೊಲ್ಲು ನೋಡಿ ಸಂಬಳ ತಿನ್ನುವವರು ಎಂದು ಯಾರಾದರೂ ನಗಬಹುದಾಗಿತ್ತು. ಇಂದು ಇದು ವೈದ್ಯಶಾಸ್ತ್ರದ ತಳಪಾಯಗಳಲ್ಲೊಂದು.

ಇದೇ ಕಣಜದ ಬಾಗಿಲಿನ ಮೇಲೆ ನಮ್ಮ ರಾಜ್ಯದಲ್ಲಿಯೂ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣವನ್ನು ನಮ್ಮ ಸದಸ್ಯರು ಕೃಷಿ ಮೇಳಕ್ಕೆಂದು ಹೋಗಿ ನೋಡಿರಬಹುದು. ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿ ಗೈತಿ ಹಸನ್ ಎಂಬ ವಿಜ್ಞಾನಿ ಮತ್ತು ಅವರ ಶಿಷ್ಯರು ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಗಳನ್ನು ಸಾಕಿ, ಐಪಿ-3ರ ಗ್ರಾಹಿ ಕೆಟ್ಟಿರುವ ತಳಿಗಳನ್ನು ಪರೀಕ್ಷಿಸಿದರು. ಆ ನೊಣಗಳಿಗೆ ರೆಕ್ಕೆ ಇದೆ, ಹಾರಲಾರವು. 2004ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಕಂಡದ್ದೇನೆಂದರೆ, ಮಿದುಳಿನ ಕೆಲವೇ ಬಗೆಯ ನರಕೋಶಗಳಲ್ಲಿ ಸರಿಯಾದ ಗ್ರಾಹಿಯನ್ನು ಮರಳಿ ಇಟ್ಟರೂ ಹಾರಾಟ ಮರಳುತ್ತದೆ. ದೋಷವಿದ್ದದ್ದು ರೆಕ್ಕೆಯಲ್ಲಲ್ಲ, ಸುದ್ದಿ ಒಯ್ಯುವುದರಲ್ಲಿ. ಮನುಷ್ಯರಲ್ಲಿಯೂ ಇದೇ ಗ್ರಾಹಿ ಕೆಟ್ಟರೆ ನಡಿಗೆ ತತ್ತರಿಸುವ, ಮಾತು ತೊದಲುವ ಒಂದು ವಂಶಪಾರಂಪರ್ಯದ ರೋಗ ಬರುತ್ತದೆಂದು 2007ರಲ್ಲಿ ಗೊತ್ತಾಯಿತು. ಅದರಲ್ಲಿ ಕೆಡುವುದು ತಲೆಯ ಹಿಂಭಾಗದಲ್ಲಿರುವ ಕಿರುಮಿದುಳು.

ಅರೆಕೋಲಿನ್ ವಿಷಯವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಅದೇ ಬಾಗಿಲನ್ನು ತಟ್ಟುವ ಇನ್ನೊಂದು ವಸ್ತು ನಮ್ಮ ಔಷಧಿ ಕೊಠಡಿಯಲ್ಲಿದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದ ರಂಜಕಯುಕ್ತ ಕೀಟನಾಶಕಗಳು, ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ಮೇಲೆ ಅದನ್ನು ಒಡೆದು ತೆಗೆಯುವ ಪಾಚಕವನ್ನು ಕಟ್ಟಿಹಾಕುತ್ತವೆ. ಹೀಗಾಗಿ ಅಪ್ಪಣೆ ನಿಲ್ಲುವುದೇ ಇಲ್ಲ. ಗ್ರಂಥಿಗಳ ಕಣಜ ತೆರೆದೇ ಇರುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ಹೊಟ್ಟೆ ನುಲಿತ, ವಾಂತಿ, ಕಣ್ಣಪಾಪೆ ಸೂಜಿಮೊನೆಯಷ್ಟು ಸಣ್ಣದಾಗುವುದು, ಮಾಂಸಖಂಡ ಅದುರುವುದು, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವುದು. ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಸೂಜಿಮದ್ದು ಇದೇ ಗ್ರಾಹಿಯ ಮೇಲೆ ಕೂತು, ಅಪ್ಪಣೆ ಒಳಗೆ ಹೋಗದಂತೆ ತಡೆಯುತ್ತದೆ.

ಈಗ ಯೋಚಿಸಿ ನೋಡಿ. ಕವಳ ಜಗಿಯುತ್ತ ಔಷಧಿ ಸಿಂಪಡಿಸುವ ರೂಢಿ ನಮ್ಮಲ್ಲಿದೆ. ಸಿಂಪಡಿಸುವವನು ಬೆವರಿ, ತಲೆ ತಿರುಗಿ, ಜೊಲ್ಲು ಸುರಿಸುತ್ತ ಕಟ್ಟೆಯ ಮೇಲೆ ಕೂತರೆ ಸುತ್ತಲಿನವರು ಏನೆನ್ನುತ್ತಾರೆ? "ಏನಿಲ್ಲ, ಅಡಿಕೆ ಸೊಕ್ಕಿದೆ, ಒಂದು ತುಂಡು ಬೆಲ್ಲ ಕೊಡಿ" ಎನ್ನುತ್ತಾರೆ. ಮೇಲುನೋಟಕ್ಕೆ ಎರಡೂ ಒಂದೇ ತರಹ ಕಾಣುವುದಕ್ಕೆ ಕಾರಣ, ಎರಡೂ ತಟ್ಟುವ ಬಾಗಿಲು ಒಂದೇ. ಸೊಕ್ಕಿದ್ದು ಸಾಮಾನ್ಯವಾಗಿ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ತಾನೇ ಇಳಿಯುತ್ತದೆ. ವಿಷ ಇಳಿಯುವುದಿಲ್ಲ, ಏರುತ್ತದೆ. ಆದರೆ ಅದನ್ನು ನೋಡಲೆಂದು ಇಪ್ಪತ್ತು ನಿಮಿಷ ಕಾಯುವುದು ಸಲ್ಲ. ಔಷಧಿ ಮುಟ್ಟಿದವನಿಗೆ ಹೀಗಾದರೆ ವಿಷವೆಂದೇ ತಿಳಿಯತಕ್ಕದ್ದು. ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಏನನ್ನೂ ಕುಡಿಸಬೇಡಿ. ಔಷಧಿಯ ಬಾಟಲಿಯನ್ನು ಚೀಟಿ ಸಮೇತ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಸಿಂಪಡಿಸುವಾಗ ಕವಳ ಬೇಡವೆಂದು ನಾವು ಹೇಳುವುದು ಮುಖ್ಯವಾಗಿ ಕೈಯ ಔಷಧಿ ಬಾಯಿಗೆ ಹೋಗಬಾರದೆಂದು. ಈ ಗೊಂದಲ ಆಗಬಾರದೆಂಬುದು ಇನ್ನೊಂದು ಕಾರಣ.

ಕವಳದಲ್ಲಿ ಸುಣ್ಣ ಏಕೆ ಎಂಬುದಕ್ಕೆ ಉತ್ತರ ಬೇರೆ. ಅಲ್ಲಿ ಅದು ಸುದ್ದಿ ಒಯ್ಯುವುದಿಲ್ಲ. ಸುಣ್ಣ ಕ್ಷಾರ, ಅಡಿಕೆಯ ಹುಳಿ ಮುರಿದು ಅರೆಕೋಲಿನ್ ಬೇಗ ಕೆನ್ನೆಯೊಳಗೆ ಇಳಿಯುವಂತೆ ಮಾಡುತ್ತದೆ, ಅದರ ಒಂದು ಪಾಲನ್ನು ಬೇರೆ ವಸ್ತುವನ್ನಾಗಿಯೂ ಮಾರ್ಪಡಿಸುತ್ತದೆ. ಎಲುಬಿಗೆ ಒಳ್ಳೆಯದೆಂದು ಕವಳದ ಸುಣ್ಣವನ್ನು ಹೆಚ್ಚು ಹಾಕಿಕೊಳ್ಳುವವರು ಕೆನ್ನೆ ಸುಟ್ಟುಕೊಳ್ಳುತ್ತಾರೆ, ಬೇರೆ ಲಾಭವಿಲ್ಲ.

ಅಡಿಕೆ ಬೆಳೆಯುವವರ ಪತ್ರಿಕೆಯಲ್ಲಿ ಬರೆಯಲು ಕಷ್ಟವಾದ ಮಾತೊಂದನ್ನೂ ಇಲ್ಲಿಯೇ ಹೇಳಬೇಕಾಗಿದೆ. ನಿತ್ಯ ಬಹಳ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ನಾರು ಕಟ್ಟಿ ಬಿಗಿದು, ಬಾಯಿ ತೆರೆಯಲಾಗದ ರೋಗ ಬರುತ್ತದೆ. ಮುಂಬಯಿಯ ವೈದ್ಯ ಜೋಶಿಯವರು ಇದನ್ನು 1953ರಷ್ಟು ಹಿಂದೆಯೇ ವರ್ಣಿಸಿದ್ದಾರೆ. ಇದು ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತೀರ್ಮಾನಿಸಿತು. ಈ ತೀರ್ಮಾನದಿಂದ ನಮ್ಮ ಮಾರುಕಟ್ಟೆಗೆ ಏನಾದೀತು ಎಂಬ ಚಿಂತೆ ನಮಗೂ ಇದೆ. ಆದರೆ ದರದ ಚಿಂತೆಗೆಂದು ಸದಸ್ಯರ ಬಾಯಿಯ ವಿಷಯ ಮುಚ್ಚಿಡುವುದು ನಮಗೆ ಸರಿತೋರುವುದಿಲ್ಲ. ಅಡಿಕೆ ಜಗಿಯುವವರು ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ಹಾಕಿ ನೋಡಲಿ. ಹೋಗದಿದ್ದರೆ, ಅಥವಾ ಖಾರ ತಾಗಿದರೆ ಕೆನ್ನೆ ಉರಿಯುತ್ತಿದ್ದರೆ, ಹಲ್ಲಿನ ಡಾಕ್ಟರಿಗೆ ತೋರಿಸುವುದು ಅವಶ್ಯ. ಜಗಿಯುವುದು ಅಲ್ಲಿಗೆ ನಿಲ್ಲಬೇಕು.

ಘಟ್ಟದ ಮೇಲಿನ ಕಾಫಿ ಬೆಳೆಗಾರ ಮಿತ್ರರು ತಮ್ಮ ಬೆಳೆಯ ಪಾಲೇನು ಎಂದು ಕೇಳಿಯಾರು. ಕಾಫಿಯ ಕೆಫೀನ್ ಕೂಡ ಸ್ನಾಯುಕೋಶದ ಕಣಜ ತೆರೆಯಬಲ್ಲದು. ಕಪ್ಪೆಯ ಸ್ನಾಯುವನ್ನು ಗಾಢ ಕೆಫೀನ್ ದ್ರಾವಣದಲ್ಲಿ ಅದ್ದಿದರೆ ನರದ ಅಪ್ಪಣೆಯಿಲ್ಲದೆ ಸೆಟೆದುಕೊಳ್ಳುತ್ತದೆ. ಪ್ರಯೋಗಶಾಲೆಗಳಲ್ಲಿ ಇದು ಹಳೆಯ ಪಾಠ. ಆದರೆ ಅದಕ್ಕೆ ಬೇಕಾಗುವ ಕೆಫೀನ್, ಒಂದೆರಡು ಲೋಟ ಕಾಫಿ ಕುಡಿದವರ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬೆಳಗಿನ ಕಾಫಿ ನಿದ್ದೆ ಓಡಿಸುವುದು ಬೇರೆ ದಾರಿಯಿಂದ. ಮಿದುಳಿಗೆ ದಣಿವಿನ ಸುದ್ದಿ ಮುಟ್ಟಿಸುವ ಗ್ರಾಹಿಗಳನ್ನು ಅದು ಮುಚ್ಚಿಬಿಡುತ್ತದೆ. ಕಾಫಿಯಿಂದ ಮೂತ್ರದಲ್ಲಿ ಸ್ವಲ್ಪ ಕ್ಯಾಲ್ಸಿಯಂ ಹೋಗುವುದು ನಿಜ, ಆ ನಷ್ಟವನ್ನು ಒಂದೆರಡು ಚಮಚ ಹಾಲು ತುಂಬಿಕೊಡುತ್ತದೆ. ಹಾಲು ಹಾಕಿಯೇ ಕುಡಿಯುವ ನಮ್ಮ ಪದ್ಧತಿಯಲ್ಲಿ ಚಿಂತೆಗೆ ಕಾರಣವಿಲ್ಲ.

ಗಿಡಮರಗಳಲ್ಲಿಯೂ ಸುದ್ದಿ ಒಯ್ಯುವುದು ಇದೇ ಧಾತು. 2018ರಲ್ಲಿ ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಸಾಸಿವೆ ಕುಲದ ಒಂದು ಪುಟ್ಟ ಗಿಡದಲ್ಲಿ, ಆ ಜೆಲ್ಲಿ ಮೀನಿನಿಂದಲೇ ದೊರೆತ ಇನ್ನೊಂದು ಬೆಳಗುವ ಪ್ರೋಟೀನಿನ ಸಹಾಯದಿಂದ ಇದನ್ನು ಕಣ್ಣಾರೆ ತೋರಿಸಿದರು. ಕಂಬಳಿಹುಳು ಒಂದು ಎಲೆ ಕಡಿದ ಕೂಡಲೆ ಕ್ಯಾಲ್ಸಿಯಮ್ಮಿನ ತೆರೆ ಎದ್ದು ಒಂದೆರಡು ನಿಮಿಷದಲ್ಲಿ ದೂರದ ಎಲೆಗಳನ್ನು ಮುಟ್ಟುತ್ತದೆ. ಅಲ್ಲಿ ಹುಳಕ್ಕೆ ಒಗ್ಗದ ರಸ ತಯಾರಾಗತೊಡಗುತ್ತದೆ. ಬಿಸಿಲಿನಲ್ಲಿ ನೀರು ಸಾಲದೆ ಎಲೆಯ ರಂಧ್ರಗಳು ಮುಚ್ಚಿಕೊಳ್ಳುವುದಕ್ಕೂ ಇದೇ ಸುದ್ದಿ ಬೇಕು. ಇದರ ಹೊರತಾಗಿ ಗಿಡಕ್ಕೆ ಕ್ಯಾಲ್ಸಿಯಂ ಕೋಶದ ಗೋಡೆಗಳನ್ನು ಅಂಟಿಸಿ ನಿಲ್ಲಿಸಲೂ ಬೇಕು. ಅದು ಬೇರಿನಿಂದ ನೀರಿನ ಜೊತೆ ಮೇಲೆ ಹೋದರೆ ಹೋಯಿತು, ಹಳೆಯ ಎಲೆಯಿಂದ ಹೊಸ ಎಲೆಗೆ ಇಳಿದು ಬರುವುದಿಲ್ಲ. ಅದಕ್ಕಾಗಿ ಕೊರತೆ ಕಾಣುವುದು ಸುಳಿ ಮತ್ತು ಎಳೆ ಎಲೆಗಳಲ್ಲಿ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತದೆ. ಎಷ್ಟು ಸುಣ್ಣ ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ನಿರ್ಧರಿಸಿ. ಪಕ್ಕದ ತೋಟದವರ ಅಳತೆ ನಮ್ಮದಕ್ಕೆ ಹೊಂದಬೇಕೆಂದಿಲ್ಲ.

ನಮ್ಮ ವೈರಿಯೂ ಇದೇ ಸುದ್ದಿಯನ್ನು ಬಳಸುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪುಸ್ತಿಕೆ ಹೊರತಂದರು. ಬೋರ್ಡೋ ದ್ರಾವಣ ಅಡಿಕೆ ತೋಟಕ್ಕೆ ಬಂದದ್ದು ಅವರಿಂದ. ಕೊಳೆರೋಗದ ಫೈಟಾಫ್ತೊರದ ಬೀಜಕಣಗಳಿಗೆ ಎರಡೆರಡು ಬಾಲಗಳಿವೆ. ಮಳೆ ಹಿಡಿದಾಗ ಕೊನೆಯ ಮೇಲೆ ನಿಂತ ನೀರಿನ ಪೊರೆಯಲ್ಲಿ ಅವು ಈಜುತ್ತವೆ. ಕಾಯಿ ತಾಗಿದ್ದು ತಿಳಿದೊಡನೆ ಕಣದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕೆಲವೇ ನಿಮಿಷಗಳಲ್ಲಿ ಅದು ಬಾಲ ಕಳಚಿ, ಗೋಡೆ ಕ��್ಟಿಕೊಂಡು, ಕಾಯಿಗೆ ಅಂಟಿ ಮೊಳಕೆ ಬಿಡುತ್ತದೆ. ಆಮೇಲೆ ಒಳಹೊಕ್ಕದ್ದನ್ನು ಬೋರ್ಡೋ ಮುಟ್ಟಲಾರದು. ಮಳೆಗೆ ಮೊದಲೇ ಸಿಂಪಡಿಸಬೇಕೆಂದು ಹೇಳುವುದು, ಕೊಟ್ಟೆ ಕಟ್ಟಿ ಕೊನೆಯನ್ನು ಒಣಗಾಗಿ ಇಡುವ ಹಿರಿಯರ ಪದ್ಧತಿ, ಎರಡಕ್ಕೂ ಅರ್ಥ ಇಲ್ಲಿದೆ. ಈಜಲು ನೀರಿರಬಾರದು, ಇದ್ದರೆ ಅದರಲ್ಲಿ ತಾಮ್ರವಿರಬೇಕು.

ಬೋರ್ಡೋದಲ್ಲಿ ಕಣವನ್ನು ಕೊಲ್ಲುವುದು ತಾಮ್ರ, ಸುಣ್ಣವಲ್ಲ. ಸುಣ್ಣ ಮೈಲುತುತ್ತದ ಹುಳಿ ಮುರಿದು, ಕಾಯಿ ಸುಡದಂತೆ ಕಾದು, ತಾಮ್ರವನ್ನು ಮಳೆಗೆ ತೊಳೆದುಹೋಗದಂತೆ ಅಂಟಿಸುತ್ತದೆ. ನೂರು ಲೀಟರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಎರಡನ್ನೂ ಬೇರೆ ಬೇರೆ ಐವತ್ತು ಲೀಟರ್ ನೀರಿನಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಸುಣ್ಣ ಅರಳಿಸುವಾಗ ಕಣ್ಣಿಗೆ ಸಿಡಿದರೆ ತಡಮಾಡದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ ಹಳೆಯದಾಗಿ ಗಾಳಿಗೆ ಸತ್ವ ಕಳೆದುಕೊಂಡಿದ್ದರೆ ಒಂದು ಕಿಲೋ ಸಾಲದು. ಉಜ್ಜಿ ಹೊಳಪು ಮಾಡಿದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಕೆಂಪಾಗದಿದ್ದರೆ ಅಂದೇ ಸಿಂಪಡಿಸಿ ಮುಗಿಸಿ.